ತಾಲ್ಲೂಕನ್ನೇ ಅಳತೆಗೋಲು ಮಾಡಿದ ಮೇಷ್ಟ್ರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಯಾವ ಸಭೆಯಲ್ಲಾದರೂ ಕಾಲೇಜಿನ, ನೀರಾವರಿಯ, ರಸ್ತೆಯ ಮಾತು ಬಂದರೆ ಸ್ವಲ್ಪ ಹೊತ್ತಿಗೆ ಪ್ರಾದೇಶಿಕ ಅಸಮತೋಲನದ ಮೇಲಿನ ‘ನಂಜುಂಡಪ್ಪ ವರದಿ’ಯ ಹೆಸರು ಬಂದೇ ಬರುತ್ತದೆ. ಮನವಿಪತ್ರದ ಮೊದಲ ಪ್ಯಾರಾದಲ್ಲಿ ಅದಿರುತ್ತದೆ, ಧರಣಿಯ ಬ್ಯಾನರಿನ ಮೇಲಿರುತ್ತದೆ, ವಿಧಾನಸಭೆಯ ಚರ್ಚೆಯಲ್ಲೂ ಇರುತ್ತದೆ. ಆದರೆ ವರದಿಗೆ ಹೆಸರು ತಂದ ಡಾ. ಡಿ.ಎಂ. ನಂಜುಂಡಪ್ಪನವರು ಯಾವ ವಿದ್ಯೆಯನ್ನು ಪಾಠ ಮಾಡುತ್ತಿದ್ದ ಮೇಷ್ಟ್ರು, ಆ ವಿದ್ಯೆಗೂ ನಮ್ಮ ತಾಲ್ಲೂಕುಗಳ ಲೆಕ್ಕಕ್ಕೂ ಏನು ನಂಟು ಎಂದು ಕೇಳುವವರು ಕಡಿಮೆ. ಆ ನಂಟನ್ನು ದಾಖಲಿಸಲು ಸ್ಮರಣ ಸಂಚಿಕೆಗಿಂತ ತಕ್ಕ ಜಾಗ ಸಿಗಲಾರದು.

ನಂಜುಂಡಪ್ಪನವರು ಎಂಜಿನಿಯರ್ ಅಲ್ಲ, ಅರ್ಥಶಾಸ್ತ್ರಜ್ಞರು. ಆದರೂ ಅವರು ಬಹುಕಾಲ ತಲೆ ಕೆಡಿಸಿಕೊಂಡದ್ದು ಎಂಜಿನಿಯರುಗಳ ವಸ್ತುವಾದ ರಸ್ತೆಯ ಮೇಲೆಯೇ. ‘ರೋಡ್ ಯೂಸರ್ ಟ್ಯಾಕ್ಸೇಶನ್ ಅಂಡ್ ರೋಡ್ ಫೈನಾನ್ಸ್ ಇನ್ ಇಂಡಿಯನ್ ಎಕಾನಮಿ’, ‘ಟ್ರಾನ್ಸ್‌ಪೋರ್ಟ್ ಪ್ಲಾನಿಂಗ್ ಅಂಡ್ ಫೈನಾನ್ಸ್’ ಎಂಬ ಅವರ ಎರಡು ಪುಸ್ತಕಗಳು 1970ರ ದಶಕದ ಆರಂಭದಲ್ಲಿ ಹೊರಬಂದವು. ರಸ್ತೆ ಬಳಸುವವರು ತೆರಿಗೆಯಾಗಿ ಎಷ್ಟು ಕಟ್ಟುತ್ತಾರೆ, ಅದರಲ್ಲಿ ಎಷ್ಟು ಪಾಲು ರಸ್ತೆಗೇ ವಾಪಸು ಬರುತ್ತದೆ, ಯಾರು ಕಟ್ಟಿದ ಹಣದಿಂದ ಯಾರ ಊರಿನ ರಸ್ತೆ ಆಗುತ್ತದೆ ಎಂಬುದು ಆ ವಿದ್ಯೆಯ ತಿರುಳು.

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಹಳೆಯ ಚರಿತ್ರೆಯಿದೆ. 1927ರಲ್ಲಿ ನೇಮಕವಾದ ಎಂ.ಆರ್. ಜಯಕರ್ ಸಮಿತಿ, ರಸ್ತೆಯ ಭಾರ ಸ್ಥಳೀಯ ಸಂಸ್ಥೆಗಳ ಕೈ ಮೀರಿದೆ, ಕೇಂದ್ರವೂ ಹೆಗಲು ಕೊಡಬೇಕು ಎಂದಿತು. ಅದರ ಫಲವಾಗಿ 1929ರಲ್ಲಿ ಕೇಂದ್ರ ರಸ್ತೆ ನಿಧಿ ಹುಟ್ಟಿತು. ಗ್ಯಾಲನ್ ಪೆಟ್ರೋಲಿಗೆ ಎರಡಾಣೆ ಹೆಚ್ಚುವರಿ ಸುಂಕ ಬಿತ್ತು. 1943ರ ನಾಗಪುರ ಯೋಜನೆ ಪ್ರತಿ 100 ಚದರ ಕಿಲೋಮೀಟರಿಗೆ 16 ಕಿಲೋಮೀಟರ್ ರಸ್ತೆ ಎಂದು ಗುರಿ ಹಾಕಿತು. 1961ರಿಂದ 1981ರವರೆಗಿನ ಮುಂಬಯಿ ಯೋಜನೆ ಅದನ್ನು 32ಕ್ಕೆ ಏರಿಸಿತು. ಇಷ್ಟು ನೆಲಕ್ಕೆ ಇಷ್ಟು ರಸ್ತೆ ಎಂದು ಕೇಳುವ ಈ ರೂಢಿ ಮುಂದೆ ನಂಜುಂಡಪ್ಪನವರ ಕೈಯಲ್ಲಿ ಇಷ್ಟು ಜನಕ್ಕೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ, ಎಷ್ಟು ಬ್ಯಾಂಕು ಎಂಬಲ್ಲಿಯವರೆಗೆ ಬೆಳೆಯಿತು.

ಹಳೇ ಮೈಸೂರು ಸೀಮೆಯಿಂದ ಬಂದ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ನಮ್ಮ ಭಾಗಕ್ಕೆ ಇದು ಸಣ್ಣ ಸಂಗತಿಯಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತ್ತು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬರುವವರೆಗೂ ಈ ಜಿಲ್ಲೆಯ ಕಾಲೇಜುಗಳಿಗೆ ಧಾರವಾಡವೇ ಪದವಿ ಕೊಡುವ ಊರು. ಕೂಡ್ಲಿಗಿಯಿಂದಲೋ ಹಡಗಲಿಯಿಂದಲೋ ಎಂ.ಎ. ಓದಬೇಕೆಂದು ಟ್ರಂಕು ಹಿಡಿದು ಹೊರಟ ಹುಡುಗ ಧಾರವಾಡದ ಬಸ್ಸನ್ನೇ ಹತ್ತಬೇಕಿತ್ತು. ಬೀದರಿನಿಂದ ಕಾರವಾರದವರೆಗಿನ ಮಕ್ಕಳು ಒಂದೇ ತರಗತಿಯಲ್ಲಿ ಕೂರುತ್ತಿದ್ದ ಕಾಲವದು. ಅಂಥ ಕಡೆ ಪಾಠ ಹೇಳಿದ ಮೇಷ್ಟ್ರಿಗೆ ಉತ್ತರದ ಜಿಲ್ಲೆಗಳು ಬರಿಯ ನಕ್ಷೆಯಾಗಿ ಉಳಿಯಲು ಸಾಧ್ಯವಿರಲಿಲ್ಲ ಎಂಬುದು ನನ್ನ ನಂಬಿಕೆ.

1970ರ ದಶಕದಲ್ಲಿ ಅವರು ಬೆಂಗಳೂರಿಗೆ ಹೋಗಿ ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರೂ ಯೋಜನಾ ಇಲಾಖೆಯ ಕಾರ್ಯದರ್ಶಿಯೂ ಆದರು. ದೇವರಾಜ ಅರಸರ ಕಾಲವದು. ಯೋಜನೆ ರಾಜಧಾನಿಯಲ್ಲಿ ಕೂತು ಬರೆಯುವ ಕಾಗದವಾಗಬಾರದು, ಜಿಲ್ಲೆ ಮತ್ತು ತಾಲ್ಲೂಕಿನ ಮಟ್ಟದಲ್ಲಿ ಏನಿದೆ ಏನಿಲ್ಲ ಎಂದು ನೋಡಿ ಕೆಳಗಿನಿಂದ ಕಟ್ಟಬೇಕು ಎಂಬ ಪ್ರದೇಶ ಯೋಜನೆಯ ವಿಚಾರದ ಬಗ್ಗೆ ಅವರು ಆಗಲೂ ಆಮೇಲೂ ಬರೆಯುತ್ತ ಹೋದರು. ರಾಜ್ಯ–ಕೇಂದ್ರಗಳ ಹಣಕಾಸಿನ ಸಂಬಂಧದ ಮೇಲೂ ಅವರ ಪುಸ್ತಕವಿದೆ. ತೆರಿಗೆ ಎಲ್ಲಿ ಹುಟ್ಟಿ ಎಲ್ಲಿ ಖರ್ಚಾಗುತ್ತದೆ ಎಂಬ ಹಳೆಯ ರಸ್ತೆ ಲೆಕ್ಕವೇ ಇಲ್ಲೂ ಮುಂದುವರಿದದ್ದು ಕಾಣುತ್ತದೆ.

1980ರ ದಶಕದಲ್ಲಿ ಅವರು ಮೊದಲು ತಾವು ಪಾಠ ಮಾಡಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಕುಲಪತಿಯಾಗಿ ಮರಳಿದರು, ಆಮೇಲೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಬೆಂಗಳೂರು ವಿಶ್ವವಿದ್ಯಾಲಯದ ತೆಕ್ಕೆಯಲ್ಲೇ ಆಗ ಕೆ.ಆರ್. ವೃತ್ತದ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು ಇತ್ತು. 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಆಸ್ಥೆಯಿಂದ ಶುರುವಾದ ಈ ಕಾಲೇಜಿನಲ್ಲಿ ಹೆದ್ದಾರಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದವರು ಪ್ರೊ. ಸಿ.ಇ.ಜಿ. ಜಸ್ಟೊ. ಎಸ್.ಕೆ. ಖನ್ನಾ ಅವರೊಂದಿಗೆ ಜಸ್ಟೊ ಬರೆದ ‘ಹೈವೇ ಎಂಜಿನಿಯರಿಂಗ್’ 1971ರಲ್ಲಿ ಬಂದದ್ದು, ಇಂದಿಗೂ ಸಿವಿಲ್ ಓದುವ ಹುಡುಗ ಹುಡುಗಿಯರು ‘ಖನ್ನಾ ಜಸ್ಟೊ’ ಎಂದೇ ಅದನ್ನು ಕರೆಯುತ್ತಾರೆ. 2002ರಲ್ಲಿ, ನಂಜುಂಡಪ್ಪ ವರದಿ ಬಂದ ವರ್ಷವೇ, ಜಸ್ಟೊ ಮತ್ತು ಎ. ವೀರರಾಘವನ್ ಅವರು ಪ್ಲಾಸ್ಟಿಕ್ ಚೀಲದ ತ್ಯಾಜ್ಯವನ್ನು ಡಾಂಬರಿನೊಂದಿಗೆ ಬೆರೆಸಿ ರಸ್ತೆ ಮಾಡುವ ಕುರಿತ ಅಧ್ಯಯನವನ್ನು ಬೆಂಗಳೂರು ವಿಶ್ವವಿದ್ಯಾಲಯದಿಂದ ಹೊರತಂದರು. ರಸ್ತೆಯ ಮೈ ಹೇಗಿರಬೇಕೆಂದು ನೋಡಿದ ಪ್ರಾಧ್ಯಾಪಕರೂ ರಸ್ತೆಯ ದುಡ್ಡು ಎಲ್ಲಿಂದ ಬರಬೇಕೆಂದು ನೋಡಿದ ಪ್ರಾಧ್ಯಾಪಕರೂ ಒಂದೇ ವಿಶ್ವವಿದ್ಯಾಲಯದವರಾಗಿದ್ದರು ಎಂಬುದು ಕನ್ನಡನಾಡಿನ ವಿದ್ಯಾಚರಿತ್ರೆಯಲ್ಲಿ ನೆನೆಯಬೇಕಾದ ಮಾತು.

ಹೆದ್ದಾರಿ ಎಂಜಿನಿಯರಿಂಗಿನ ಒಂದು ಲೆಕ್ಕವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ರಸ್ತೆಗೆ ಎಷ್ಟು ಅಗಲ ಬೇಕು, ಎಷ್ಟು ದಪ್ಪ ಬೇಕು ಎಂದು ತೀರ್ಮಾನಿಸಲು ವಾಹನ ಎಣಿಸುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪದ್ಧತಿಯಂತೆ ಊರಾಚೆಯ ರಸ್ತೆಯಲ್ಲಿ ವರ್ಷಕ್ಕೆ ಎರಡು ಸಲವಾದರೂ, ಏಳು ದಿನ, ಹಗಲೂ ರಾತ್ರಿ ಕೂತು ಎಣಿಸಬೇಕು. ಎಣಿಸಿದ ಮೇಲೆ ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ತರುತ್ತಾರೆ. ಕಾರು 1 ಆದರೆ ಬೈಕು 0.5, ಲಾರಿ ಬಸ್ಸು 3, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು 4.5, ಎತ್ತಿನ ಗಾಡಿ 8. ನಿಧಾನವಾಗಿ ಹೋಗುವ ಗಾಡಿ ರಸ್ತೆಯನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ ಎಂಬುದು ಇದರ ತರ್ಕ. ಹೆದ್ದಾರಿಯ ಮಟ್ಟಿಗೆ ಇದು ಸರಿಯಾದ ಲೆಕ್ಕ. ಆದರೆ ಊರಿಗೆ ರಸ್ತೆ ಬೇಕೋ ಬೇಡವೋ ಎಂಬುದನ್ನೂ ವಾಹನ ಎಣಿಸಿಯೇ ನಿರ್ಧರಿಸಿದರೆ ಗುಡೇಕೋಟೆ ಕಡೆಯ ಹಳ್ಳಿಯ ಸರದಿ ಯಾವ ಕಾಲಕ್ಕೂ ಬರುವುದಿಲ್ಲ. ರಸ್ತೆಯಿಲ್ಲದ ಕಡೆ ವಾಹನ ಬರುವುದಿಲ್ಲ, ವಾಹನ ಬಾರದ ಕಡೆ ರಸ್ತೆ ಮಂಜೂರಾಗುವುದಿಲ್ಲ. ಪೆಟ್ರೋಲಿನ ತೆರಿಗೆ ಹೆಚ್ಚು ಹುಟ್ಟುವುದು ಪೇಟೆಯಲ್ಲಿ. ಅದು ಪೇಟೆಗೇ ಮರಳಿದರೆ ಹಳ್ಳಿಗೆ ಉಳಿಯುವುದೇನು? ಈ ಸುತ್ತನ್ನು ಮುರಿಯಬೇಕಾದರೆ ಎಣಿಸುವ ವಸ್ತುವನ್ನೇ ಬದಲಿಸಬೇಕು. ಎಷ್ಟು ವಾಹನ ಓಡಿತು ಎಂಬ ಜಾಗದಲ್ಲಿ ಎಷ್ಟು ಜನಕ್ಕೆ ಏನು ಸಿಕ್ಕಿಲ್ಲ ಎಂದು ಕೇಳಬೇಕು.

ಅದನ್ನು ಕೇಳುವ ಅವಕಾಶ ನಂಜುಂಡಪ್ಪನವರಿಗೆ ಬದುಕಿನ ಕೊನೆಯ ಘಟ್ಟದಲ್ಲಿ ಬಂತು. ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿಯೂ ದುಡಿದಿದ್ದ ಅವರ ಅಧ್ಯಕ್ಷತೆಯಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ 2000ರಲ್ಲಿ ಪ್ರಾದೇಶಿಕ ಅಸಮತೋಲನ ನಿವಾರಣೆಯ ಉನ್ನತಾಧಿಕಾರ ಸಮಿತಿ ರಚಿಸಿತು. 2002ರ ಜೂನಿನಲ್ಲಿ ವರದಿ ಸಲ್ಲಿಕೆಯಾಯಿತು.

ಅದಕ್ಕೂ ಮುಂಚೆ ಧರ್ಮಸಿಂಗ್ ಸಮಿತಿಯ ವರದಿ, ಅದರ ಬೆನ್ನಿಗೆ ಹೈದರಾಬಾದ್ ಕರ್ನಾಟಕ ಅಭಿವೃದ್ಧಿ ಮಂಡಳಿ ಎಲ್ಲವೂ ಬಂದಿದ್ದವು. ಆದರೆ ಆ ಚರ್ಚೆಗಳೆಲ್ಲ ಜಿಲ್ಲೆಯನ್ನೋ ವಿಭಾಗವನ್ನೋ ಹಿಡಿದು ನಡೆಯುತ್ತಿದ್ದವು. ನಂಜುಂಡಪ್ಪ ಸಮಿತಿ ತಾಲ್ಲೂಕಿಗಿಳಿಯಿತು. ಆಗಿನ 175 ತಾಲ್ಲೂಕುಗಳನ್ನೂ 35 ಸೂಚಕಗಳಿಂದ ಅಳೆಯಿತು. ಕೃಷಿ, ಉದ್ಯಮ, ರಸ್ತೆ ಮತ್ತು ರೈಲು, ಶಾಲೆ ಮತ್ತು ಆಸ್ಪತ್ರೆ, ಜನಸಂಖ್ಯೆಯ ಸ್ಥಿತಿಗತಿ ಎಲ್ಲವೂ ಅದರಲ್ಲಿದ್ದವು. 100 ಚದರ ಕಿಲೋಮೀಟರಿಗೆ ಎಷ್ಟು ರಸ್ತೆ, ಎಷ್ಟು ಹಳ್ಳಿಗೆ ಮಳೆಗಾಲದಲ್ಲೂ ಹೋಗಬಹುದಾದ ದಾರಿ, 10,000 ಜನಕ್ಕೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ, ಲಕ್ಷ ಜನಕ್ಕೆ ಎಷ್ಟು ಬ್ಯಾಂಕು, ಪದವಿ ಕಾಲೇಜಿನಲ್ಲಿ ಎಷ್ಟು ಮಕ್ಕಳು, ಆರರಿಂದ ಹದಿನಾಲ್ಕು ವರ್ಷದ ಎಷ್ಟು ಮಕ್ಕಳು ಶಾಲೆಯಿಂದ ಹೊರಗೆ, ತಲೆಗೆ 40 ಲೀಟರ್ ಕುಡಿಯುವ ನೀರು ಎಷ್ಟು ಜನವಸತಿಗೆ ಸಿಗುತ್ತದೆ ಎಂದು ಒಂದೊಂದಾಗಿ ತಾಳೆ ಹಾಕಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಪ್ರತಿ ತಾಲ್ಲೂಕಿಗೂ ಒಂದು ಅಂಕ ಕೊಟ್ಟಿತು. 1ಕ್ಕಿಂತ ಕೆಳಗಿದ್ದದ್ದು ಹಿಂದುಳಿದದ್ದು. ರಾಜ್ಯಕ್ಕೇ ಕೊನೆಯದು ರಾಯಚೂರು ಜಿಲ್ಲೆಯ ದೇವದುರ್ಗ, 0.53.

ಒಟ್ಟು 114 ತಾಲ್ಲೂಕು ಹಿಂದುಳಿದ ಪಟ್ಟಿಗೆ ಬಂದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉತ್ತರ ಕರ್ನಾಟಕದ್ದು 59, ದಕ್ಷಿಣದ್ದು 55. ಹಿಂದುಳಿದಿರುವಿಕೆ ಉತ್ತರದವರ ಒಣ ದೂರು ಎನ್ನುತ್ತಿದ್ದವರಿಗೂ, ದಕ್ಷಿಣವೆಲ್ಲ ಸಮೃದ್ಧ ಎನ್ನುತ್ತಿದ್ದವರಿಗೂ ಈ ಎರಡು ಸಂಖ್ಯೆ ಸಾಕಿತ್ತು. ಅದೇ ಹೊತ್ತಿಗೆ, ಅತ್ಯಂತ ಹಿಂದುಳಿದ 39ರಲ್ಲಿ 21 ಒಂದೇ ಗುಲ್ಬರ್ಗ ವಿಭಾಗದಲ್ಲಿದ್ದವು ಎಂಬುದನ್ನೂ ವರದಿ ಮುಚ್ಚಿಡಲಿಲ್ಲ.

ನಮ್ಮ ತಾಲ್ಲೂಕುಗಳ ಸಾಲು ಹೀಗಿತ್ತು: ಕೂಡ್ಲಿಗಿ ಅತ್ಯಂತ ಹಿಂದುಳಿದದ್ದು, ಹರಪನಹಳ್ಳಿಯೂ ಹಾಗೆಯೇ. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಅತಿ ಹಿಂದುಳಿದವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನ ಒಳಗೇ ಇತ್ತು, ಹಾಗಾಗಿ ಅದಕ್ಕೆ ಬೇರೆ ಸಾಲಿರಲಿಲ್ಲ.

ತಾಲ್ಲೂಕಿನ ಮಟ್ಟಕ್ಕೆ ಇಳಿಯದೆ ಹೋಗಿದ್ದರೆ ಈ ಸಾಲುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಳ್ಳಾರಿ ಜಿಲ್ಲೆ ಎಂದರೆ ಹೊರಗಿನವರಿಗೆ ತುಂಗಭದ್ರಾ ಕಾಲುವೆ, ಹೊಸಪೇಟೆಯ ಕಬ್ಬು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಅದಿರು. ಇವೆಲ್ಲವನ್ನೂ ಕೂಡಿಸಿ ತಲೆಗೆ ಭಾಗಿಸಿದರೆ ಬರುವ ಸರಾಸರಿಯಲ್ಲಿ ಮಳೆ ನಂಬಿ ಶೇಂಗಾ, ಜೋಳ ಬಿತ್ತುವ ಕೂಡ್ಲಿಗಿಯ ರೈತ ಕಾಣುವುದೇ ಇಲ್ಲ. ಅಣೆಕಟ್ಟಿನ ಹಿನ್ನೀರಿಗೆ ನಾರಾಯಣದೇವರಕೆರೆಯಂಥ ಊರನ್ನೇ ಬಿಟ್ಟುಕೊಟ್ಟ ಸೀಮೆಗೆ ಕಾಲುವೆಯ ನೀರು ಎಷ್ಟು ಬಂತು ಎಂಬುದೂ ಕಾಣುವುದಿಲ್ಲ. ಅದಿರು ಅಗೆಯುವ ಸಂಡೂರು ತಾಲ್ಲೂಕೇ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿ ಕೂಡ್ಲಿಗಿಯ ಪಕ್ಕ ಕೂತಿತ್ತು! ಸಂಪತ್ತು ಎಲ್ಲಿ ಹುಟ್ಟುತ್ತದೆ, ಯಾರಿಗೆ ಸೇರುತ್ತದೆ ಎಂಬ ರಸ್ತೆ ತೆರಿಗೆಯ ಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಹರಪನಹಳ್ಳಿಯ ಕತೆ ಇನ್ನೂ ಬಿಗಿಯಾದದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಅಲ್ಲಿಗೆ ಸೇರಿಸಿದರು. ಹತ್ತಿರದ ಪೇಟೆ ಎಂಬ ಲೆಕ್ಕದಲ್ಲಿ ಅದು ಅನುಕೂಲವೇ ಆಗಿತ್ತು. ಆದರೆ ಆ ಒಂದು ಆದೇಶದಿಂದ ತಾಲ್ಲೂಕು ಗುಲ್ಬರ್ಗ ವಿಭಾಗದಿಂದ ಬೆಂಗಳೂರು ವಿಭಾಗಕ್ಕೆ ಹೋಯಿತು. ನಂಜುಂಡಪ್ಪ ವರದಿ ತಾಲ್ಲೂಕನ್ನು ನೋಡಿದ್ದರಿಂದ ವಿಭಾಗ ಬೇರೆಯಾದರೂ ಹರಪನಹಳ್ಳಿಯ ಸ್ಥಿತಿ ದಾಖಲಾಯಿತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಹತ್ತು ವರ್ಷದ ಮೇಲೆ ಬಂದಾಗ ಅಳತೆ ಮತ್ತೆ ಜಿಲ್ಲೆಯಾಯಿತು. ಬಳ್ಳಾರಿ ಒಳಗೆ, ದಾವಣಗೆರೆ ಹೊರಗೆ. ಕೊಟ್ಟೂರಿನ ಹುಡುಗಿಗೆ ಉದ್ಯೋಗದಲ್ಲಿ, ಎಂಜಿನಿಯರಿಂಗ್ ಸೀಟಿನಲ್ಲಿ ಸಿಕ್ಕ ಮೀಸಲು ಒಂದೇ ಬಗೆಯ ನೆಲದಲ್ಲಿ ಬೆಳೆದ ಹರಪನಹಳ್ಳಿಯ ಹುಡುಗಿಗೆ ಸಿಗಲಿಲ್ಲ. ಹರಪನಹಳ್ಳಿಯ ಜನ ವರ್ಷಗಟ್ಟಲೆ ಹೋರಾಡಿದರು. ಹೋರಾಟದ ಕೈಯಲ್ಲಿದ್ದ ದೊಡ್ಡ ಆಧಾರ 2002ರ ಆ ವರದಿಯೇ. 2018ರಲ್ಲಿ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಗೆ ಮರಳಿಸುವ ತೀರ್ಮಾನವಾಯಿತು, ವಿಶೇಷ ಸ್ಥಾನವೂ ದಕ್ಕಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆಯೊಂದಿಗೆ ಈ ಐದೂ ತಾಲ್ಲೂಕು ಒಂದೇ ಆಡಳಿತದ ಕೆಳಗೆ ಬಂದವು.

ಹಣದ ವಿಷಯಕ್ಕೆ ಬರೋಣ. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ಯೋಜನೆಯನ್ನು ಸಮಿತಿ ಮುಂದಿಟ್ಟಿತು. ಅದರಲ್ಲಿ 16,000 ಕೋಟಿ ಹೊಸದಾಗಿ, ವಿಶೇಷ ಅಭಿವೃದ್ಧಿ ಯೋಜನೆಯಾಗಿ ಬರಬೇಕು. 15,000 ಕೋಟಿ ನಡೆಯುತ್ತಿರುವ ಯೋಜನೆಗಳಿಂದ. ಕೊರತೆ ಎಷ್ಟಿದೆಯೋ ಅಷ್ಟು ಪಾಲು ಎಂಬ ನ್ಯಾಯದಂತೆ ಗುಲ್ಬರ್ಗ ವಿಭಾಗಕ್ಕೆ ಶೇ. 40, ಬೆಳಗಾವಿಗೆ 20, ಬೆಂಗಳೂರಿಗೆ 25, ಮೈಸೂರಿಗೆ 15. ದಕ್ಷಿಣದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞರೊಬ್ಬರು ನೂರರಲ್ಲಿ ಅರವತ್ತನ್ನು ಉತ್ತರಕ್ಕೆ ಬರೆದುಕೊಟ್ಟರು, ಬರೆಯುವ ಮುನ್ನ ಒಂದೊಂದು ಪಾಲಿಗೂ ಲೆಕ್ಕ ತೋರಿಸಿದರು. ಆದ್ದರಿಂದಲೇ ವರದಿಯನ್ನು ಪಕ್ಷಪಾತವೆಂದು ತಳ್ಳಿಹಾಕಲು ಯಾವ ಸರ್ಕಾರಕ್ಕೂ ಆಗಲಿಲ್ಲ.

ತಳ್ಳಿಹಾಕಲಿಲ್ಲ, ಆದರೆ ತಡಮಾಡಿದರು. 2003ರಿಂದ 2010ರವರೆಗೆ ಆಗಬೇಕಿದ್ದ ಕೆಲಸಕ್ಕೆ ಬಜೆಟ್ಟಿನಲ್ಲಿ ಜಾಗ ಸಿಕ್ಕಿದ್ದು 2007–08ರಲ್ಲಿ. ಅಷ್ಟರಲ್ಲಿ, 2005ರಲ್ಲಿ, ನಂಜುಂಡಪ್ಪನವರು ತೀರಿಕೊಂಡಿದ್ದರು. ಹಣ ಸಿಕ್ಕ ಮೇಲೂ ಇಲಾಖೆಗಳ ನಡುವೆ ಹಂಚಿಹೋಗಿ ತಾಲ್ಲೂಕಿನಲ್ಲಿ ಒಟ್ಟಾಗಿ ಏನು ಬದಲಾಯಿತು ಎಂದು ಹಿಂಬಾಲಿಸಿ ನೋಡುವ ಕೆಲಸ ಹಿಂದೆ ಬಿತ್ತು. ಹರಪನಹಳ್ಳಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯುವ ಸೀಮೆಗೆ ಗುಳೆ ಹೋಗುವುದು ನಿಲ್ಲಲಿಲ್ಲ. ಅಪ್ಪ ಅಮ್ಮನ ಜೊತೆ ಮಕ್ಕಳೂ ಹೊರಟರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರು ಬೀಳುತ್ತದೆ. ಸೂಚಕದಲ್ಲಿ ಶಾಲೆಯಿಂದ ಹೊರಗಿರುವ ಮಗು ಎಂದು ಬರೆದದ್ದು ಈ ಮಕ್ಕಳನ್ನೇ. ನಮ್ಮ ಭಾಗದಲ್ಲಿ ವರದಿಯ ಯಾವ ಸಾಲು ಎಲ್ಲಕ್ಕಿಂತ ಮೊದಲು ಸರಿಹೋಗಬೇಕಿತ್ತು ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಅಳತೆಯ ಮಿತಿಯನ್ನೂ ಹೇಳಬೇಕು, ಅದಕ್ಕೆ ಕೊಟ್ಟೂರಿನ ರೈಲೇ ಸಾಕ್ಷಿ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿಯ ಮೇಲೆ ಕೊಟ್ಟೂರಿಗೆ ಬ್ರಿಟಿಷರ ಕಾಲದ ರೈಲುಮಾರ್ಗವಿದೆ. ಆದರೆ ವರದಿ ಸಿದ್ಧವಾಗುತ್ತಿದ್ದ ಹೊತ್ತಿಗೆ ಆ ಹಳಿಯ ಮೇಲೆ ಜನ ಹತ್ತುವ ರೈಲು ಇರಲಿಲ್ಲ. ಇಷ್ಟು ನೆಲಕ್ಕೆ ಇಷ್ಟು ಹಳಿ ಎಂಬ ಸೂಚಕದಲ್ಲಿ ಹಳಿ ಲೆಕ್ಕಕ್ಕೆ ಬರುತ್ತದೆ. ಆ ಹಳಿಯಿಂದ ಯಾರು ಪ್ರಯಾಣ ಮಾಡಿದರು ಎಂಬುದು ಬರುವುದಿಲ್ಲ. ಕೊಟ್ಟೂರೇಶ್ವರನ ತೇರಿಗೆ ಬರುವ ಭಕ್ತರು ಬಸ್ಸಿಗೆ ಕಾಯುತ್ತಿದ್ದರು, ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು, ದೂರದಿಂದ ಪಾದಯಾತ್ರೆಯಲ್ಲಿ ಬರುತ್ತಿದ್ದರು. ಕೊಟ್ಟೂರಿನಿಂದ ಹರಪನಹಳ್ಳಿಯ ಮೇಲೆ ಹರಿಹರಕ್ಕೆ ಹೊಸ ಮಾರ್ಗ ಹಾಕಿದ ಮೇಲೂ ಹೊಸಪೇಟೆ–ಹರಿಹರ ಪ್ಯಾಸೆಂಜರಿಗಾಗಿ ಜನ ಮನವಿ ಕೊಡುತ್ತಲೇ ಇರಬೇಕಾಯಿತು. 2019ರಲ್ಲಿ ಆ ಗಾಡಿ ಓಡಿತು.

ನಂಜುಂಡಪ್ಪನವರ ವೃತ್ತಿಗೆ ಹತ್ತಿರವಾದ ಇನ್ನೊಂದು ಬದಲಾವಣೆ ಶಿಕ್ಷಣದ್ದು. ಧಾರವಾಡಕ್ಕೆ, ಆಮೇಲೆ ಗುಲ್ಬರ್ಗಕ್ಕೆ (ಇಂದಿನ ಕಲಬುರಗಿ) ಮುಖ ಮಾಡಿದ್ದ ಸೀಮೆಗೆ 2010ರಲ್ಲಿ ಬಳ್ಳಾರಿಯಲ್ಲೇ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಬಂತು. ಹೂವಿನಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. ಮಲ್ಲಿಗೆಗೆ, ಮೈಲಾರದ ಕಾರಣಿಕಕ್ಕೆ ಹೆಸರಾದ ತಾಲ್ಲೂಕಿನಲ್ಲಿ ಇಂದು ಸರ್ಕಾರಿ ಫೀಸಿನಲ್ಲಿ ಎಂಜಿನಿಯರಿಂಗ್ ಓದಲು ಆಗುತ್ತದೆ. ಎತ್ತಿನ ಗಾಡಿಗೆ 8, ಕಾರಿಗೆ 1 ಎಂಬ ಲೆಕ್ಕವನ್ನು ಎತ್ತಿನ ಗಾಡಿ ಕಂಡ ಮಕ್ಕಳೇ ಕಲಿಯುವುದು ರಸ್ತೆಶಾಸ್ತ್ರಕ್ಕೇ ಒಳ್ಳೆಯದು. ಯಾಕೆಂದರೆ ಆ ಗಾಡಿಯಲ್ಲಿ ಏನಿತ್ತು, ಯಾವ ಸಂತೆಗೆ ಹೊರಟಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ.

ನಂಜುಂಡಪ್ಪ ವರದಿಯ ನಂತರ ಏನಾಯಿತು ಎಂದು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿ ನೇಮಿಸಿತು. ಅವರೂ ಸಾರ್ವಜನಿಕ ಹಣಕಾಸಿನ ಪ್ರಾಧ್ಯಾಪಕರು, 14ನೇ ಹಣಕಾಸು ಆಯೋಗದ ಸದಸ್ಯರಾಗಿದ್ದವರು. ಹಳೆಯ 175ರ ಪಟ್ಟಿಗೆ ಈಗ ಎಷ್ಟೋ ಹೊಸ ತಾಲ್ಲೂಕುಗಳು ಸೇರಿವೆ, ಕೊಟ್ಟೂರೂ ಅದರಲ್ಲೊಂದು. ಕೂಡ್ಲಿಗಿಯ ಅಂಕದೊಳಗೆ ಸೇರಿಹೋಗಿದ್ದ ಉಜ್ಜಿನಿ, ಕೊಟ್ಟೂರು ಸುತ್ತಿನ ಹಳ್ಳಿಗಳಿಗೆ ತಮ್ಮದೇ ಒಂದು ಸಾಲು ಸಿಗಬೇಕಾದದ್ದು ನ್ಯಾಯ. ಆ ಸಾಲಿನಲ್ಲಿ ಹಳಿಯ ಉದ್ದದ ಜೊತೆಗೆ ದಿನಕ್ಕೆ ಎಷ್ಟು ಗಾಡಿ ಓಡುತ್ತದೆ, ಶಾಲೆಯ ಸಂಖ್ಯೆಯ ಜೊತೆಗೆ ಗುಳೆಯ ತಿಂಗಳಲ್ಲಿ ಎಷ್ಟು ಮಕ್ಕಳು ಊರಲ್ಲಿ ಉಳಿದರು ಎಂಬುದನ್ನೂ ಬರೆಯಬೇಕು ಎಂಬ ಬೇಡಿಕೆಯನ್ನು ಈ ಐದು ತಾಲ್ಲೂಕಿನ ಪದವಿ ಕಾಲೇಜುಗಳ ಅರ್ಥಶಾಸ್ತ್ರ ವಿಭಾಗಗಳು ತಾವೇ ಅಂಕಿಅಂಶ ಕೂಡಿಸಿ ಯೋಜನಾ ಇಲಾಖೆಯ ಮುಂದೆ ಇಡಬಹುದು. 35 ಸೂಚಕಗಳಿಗೂ ಬೇಕಾದ ಮಾಹಿತಿ ತಾಲ್ಲೂಕು ಕಚೇರಿ, ಬಿಇಒ ಕಚೇರಿ, ಆಸ್ಪತ್ರೆ, ಲೋಕೋಪಯೋಗಿ ಉಪವಿಭಾಗಗಳಲ್ಲೇ ಸಿಗುವಂಥದ್ದು.